ಕಾರಿನ ಎಂಜಿನ್ನಿನ ವಾತಾಯನ ಕವಾಟ ಮತ್ತು ಅದನ್ನು ಮನೆಯಲ್ಲಿ ಬದಲಿಸುವ ಕ್ರಮ

ರಾತ್ರಿಯಿಡೀ ಮನೆಯ ಮುಂದೆ ನಿಂತಿದ್ದ ಕಾರನ್ನು ಬೆಳಿಗ್ಗೆ ತೆಗೆದಾಗ ನೆಲದ ಮೇಲೆ ಕಪ್ಪು ಎಣ್ಣೆಯ ಹನಿಗಳು ಕಂಡುಬಂದರೆ ಮಾಲೀಕರಿಗೆ ಆತಂಕವಾಗುವುದು ಸಹಜ. ಕಾರ್ಯಾಗಾರಕ್ಕೆ ಒಯ್ದಾಗ ಆಯಿಲ್ ಸೀಲ್ ಹೋಗಿದೆ, ರಿಂಗು ಸವೆದಿದೆ, ಎಂಜಿನ್ ಬಿಚ್ಚಬೇಕು ಎಂಬ ಉತ್ತರಗಳು ದೊರೆಯುತ್ತವೆ. ಅವು ನಿಜವಾಗಿರಲೂಬಹುದು. ಆದರೆ ಎಂಜಿನ್ನನ್ನು ಬಿಚ್ಚಲು ಒಪ್ಪಿಗೆ ಕೊಟ್ಟು ಹತ್ತಾರು ಸಾವಿರ ರೂಪಾಯಿಗಳ ವೆಚ್ಚಕ್ಕೆ ಸಿದ್ಧರಾಗುವ ಮುನ್ನ ಪರೀಕ್ಷಿಸಬೇಕಾದ ಪುಟ್ಟ ಬಿಡಿಭಾಗವೊಂದಿದೆ. ಹೆಬ್ಬೆರಳಿನಷ್ಟು ಗಾತ್ರದ ಈ ಭಾಗಕ್ಕೆ ಕ್ರ್ಯಾಂಕ್‌ಕೇಸ್ ವಾತಾಯನ ಕವಾಟವೆಂದು ಹೆಸರು. ಮೆಕ್ಯಾನಿಕರ ಮಾತಿನಲ್ಲಿ ಅದು ಪಿ.ಸಿ.ವಿ. ವಾಲ್ವ್. ಹಲವು ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಇದರ ಬೆಲೆ ಕೆಲವು ನೂರು ರೂಪಾಯಿಗಳಷ್ಟೇ. ಇದು ಕಟ್ಟಿಕೊಂಡಾಗ ತೋರುವ ಲಕ್ಷಣಗಳು ಎಂಜಿನ್ ಸವೆದಾಗ ತೋರುವ ಲಕ್ಷಣಗಳನ್ನೇ ಬಹುಮಟ್ಟಿಗೆ ಹೋಲುತ್ತವೆ. ಆದುದರಿಂದ ವಾಹನವುಳ್ಳ ಪ್ರತಿಯೊಂದು ಕುಟುಂಬವೂ ಇದರ ಕಾರ್ಯವನ್ನು ಅರಿತಿರುವುದು ಲೇಸು.

ಈ ವಿವರಣೆಗೆ ಚೆನ್ನೈ ನಗರದ ಉತ್ತರ ಭಾಗದಲ್ಲಿರುವ ಮಾಧವರಂ ಪ್ರದೇಶವನ್ನು ಉದಾಹರಣೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಕೋಲ್ಕತ್ತದ ದಿಕ್ಕಿಗೆ ಸಾಗುವ ಜಿ.ಎನ್.ಟಿ. ರಸ್ತೆಯೂ ನಗರದ ಒಳ ವರ್ತುಲ ರಸ್ತೆಯೂ ಇಲ್ಲಿಯೇ ಸಂಧಿಸುತ್ತವೆ. ಇಲ್ಲಿ ಲಾರಿ ನಿಲ್ದಾಣವಿದೆ. ಆಂಧ್ರಪ್ರದೇಶದ ಕಡೆಗೆ ಹೊರಡುವ ಬಸ್ಸುಗಳಿಗಾಗಿ 2018ರಲ್ಲಿ ಆರಂಭವಾದ ಬಸ್ ನಿಲ್ದಾಣವಿದೆ. ಪಕ್ಕದ ಮಣಲಿಯಲ್ಲಿ ತೈಲ ಶುದ್ಧೀಕರಣಾಗಾರವೂ ರಾಸಾಯನಿಕ ಕಾರ್ಖಾನೆಗಳೂ ಇವೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ ತೀವ್ರ ಮಾಲಿನ್ಯಪೀಡಿತ ಕೈಗಾರಿಕಾ ಪ್ರದೇಶಗಳನ್ನು ಗುರುತಿಸಿದಾಗ ಮಣಲಿಯೂ ಆ ಪಟ್ಟಿಯಲ್ಲಿ ಸೇರಿತ್ತು. ಸಾಲುಗಟ್ಟಿ ತೆವಳುವ ಲಾರಿಗಳ ನಡುವೆ ನಿಂತು ನಿಂತು ಚಲಿಸುವ ಕಾರು, ಗಾಳಿಯಲ್ಲಿ ಧೂಳು, ಸಮುದ್ರದ ತೇವ, ರಬ್ಬರನ್ನು ಗಡುಸಾಗಿಸುವ ಬೇಸಿಗೆ, ಮಳೆಗಾಲದಲ್ಲಿ ನೆರೆಯ ಭಯ, ಹೀಗೆ ಎಂಜಿನ್ನಿಗೆ ಒಗ್ಗದ ಹಲವು ಸಂಗತಿಗಳು ಇಲ್ಲಿ ಒಂದೆಡೆ ಕೂಡಿವೆ. ಬೆಂಗಳೂರಿನ ಪೀಣ್ಯದಲ್ಲಿ ವಾಸಿಸುವವರಿಗೂ ಇವುಗಳಲ್ಲಿ ಕೆಲವು ಅಪರಿಚಿತವಲ್ಲ.

ಈ ಕವಾಟದ ಅಗತ್ಯವನ್ನು ತಿಳಿಯಲು ಎಂಜಿನ್ನಿನ ಒಳಭಾಗವನ್ನು ಸ್ವಲ್ಪ ನೋಡಬೇಕು. ಸಿಲಿಂಡರಿನೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ರಿಂಗುಗಳಿವೆ. ರಿಂಗುಗಳು ಎಷ್ಟೇ ಹೊಸತಾಗಿದ್ದರೂ ಪ್ರತಿಯೊಂದು ಸ್ಫೋಟದಲ್ಲಿಯೂ ಸ್ವಲ್ಪ ಅನಿಲವು ಅವುಗಳನ್ನು ದಾಟಿ ಕೆಳಕ್ಕೆ, ಎಂದರೆ ಎಂಜಿನ್ ಎಣ್ಣೆಯೂ ಕ್ರ್ಯಾಂಕ್ ದಂಡವೂ ಇರುವ ಕ್ರ್ಯಾಂಕ್‌ಕೇಸ್ ಎಂಬ ಕೋಶಕ್ಕೆ ನುಸುಳುತ್ತದೆ. ಹೀಗೆ ನುಸುಳಿದ ಅನಿಲದಲ್ಲಿ ಹೆಚ್ಚಿನ ಪಾಲು ದಹನವಾಗದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ. ಉಳಿದುದು ದಹನದಿಂದ ಹುಟ್ಟಿದ ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ಆಕ್ಸೈಡುಗಳು. ಇಡ್ಲಿ ಪಾತ್ರೆಯ ಮುಚ್ಚಳವನ್ನು ತೆಗೆದಾಗ ಅದರ ಒಳಮೈಯಲ್ಲಿ ನೀರಿನ ಹನಿಗಳು ಕಟ್ಟಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಎಂಜಿನ್ ಆರಿದಾಗ ಅದರೊಳಗಿನ ನೀರಾವಿಯೂ ಹಾಗೆಯೇ ಹನಿಗಟ್ಟುತ್ತದೆ. ಆ ನೀರು ಆಮ್ಲೀಯ ಅನಿಲಗಳೊಡನೆಯೂ ಎಣ್ಣೆಯೊಡನೆಯೂ ಬೆರೆತು, ಕಾಲಕ್ರಮದಲ್ಲಿ ಕರಿಯ ಜಿಡ್ಡಿನ ಕೆಸರಾಗಿ ಎಣ್ಣೆ ಹರಿಯುವ ಕಿರುದಾರಿಗಳನ್ನು ಮುಚ್ಚುತ್ತದೆ. ಎಣ್ಣೆ ತಲುಪದ ಭಾಗಗಳು ಬೇಗನೆ ಸವೆಯುತ್ತವೆ. ಇದಲ್ಲದೆ, ಹೊರದಾರಿ ಇಲ್ಲದ ಅನಿಲವು ಒಳಗೆ ಒತ್ತಡವನ್ನು ಹೆಚ್ಚಿಸಿ, ದುರ್ಬಲವಾದ ಗ್ಯಾಸ್ಕೆಟ್ಟು ಅಥವಾ ಸೀಲಿನ ಮೂಲಕ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಮೊದಲು ಹೇಳಿದ ನೆಲದ ಮೇಲಿನ ಹನಿಗಳು ಹೀಗೆಯೂ ಬಂದಿರಬಹುದು.

ಹಿಂದಿನ ಕಾಲದ ಎಂಜಿನ್ನುಗಳಲ್ಲಿ ಇದಕ್ಕೆ ಅತ್ಯಂತ ಸರಳವಾದ ಪರಿಹಾರವಿತ್ತು. ಕ್ರ್ಯಾಂಕ್‌ಕೇಸಿನಿಂದ ಒಂದು ಕೊಳವೆಯನ್ನು ಕೆಳಮುಖವಾಗಿ ರಸ್ತೆಯ ಕಡೆಗೆ ಬಿಡಲಾಗುತ್ತಿತ್ತು. ಕಾರು ಓಡುವಾಗ ಕೆಳಗೆ ಬೀಸುವ ಗಾಳಿಯು ಅನಿಲವನ್ನು ಸೆಳೆದು ಬಯಲಿಗೆ ಬಿಡುತ್ತಿತ್ತು. ಕಾರು ನಿಂತಾಗ ಸೆಳೆತವಿಲ್ಲ. ಓಡಿದಾಗ ಸುತ್ತಲಿನ ಗಾಳಿಗೆ ಮಾಲಿನ್ಯ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿಗೆ ವಾಹನಗಳಿಂದ ಹೊರಬರುವ ಹೈಡ್ರೋಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಪರಸ್ಪರ ವರ್ತಿಸುವುದೇ ಕಾರಣವೆಂಬುದನ್ನು 1950ರ ದಶಕದ ಆರಂಭದಲ್ಲಿ ರಸಾಯನವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. ನಿಯಂತ್ರಣವಿಲ್ಲದ ಕಾರೊಂದು ಹೊರಬಿಡುವ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೆಯ ಒಂದು ಪಾಲು ಹೊಗೆಕೊಳವೆಯಿಂದಲ್ಲ, ಕ್ರ್ಯಾಂಕ್‌ಕೇಸಿನಿಂದಲೇ ಬರುತ್ತಿತ್ತು. ಆದುದರಿಂದ ಕ್ಯಾಲಿಫೋರ್ನಿಯದಲ್ಲಿ 1961ರ ಮಾದರಿಯ ಹೊಸ ಕಾರುಗಳಿಗೂ, 1963ರ ಮಾದರಿಯಿಂದ ಅಮೆರಿಕದಾದ್ಯಂತದ ಹೊಸ ಕಾರುಗಳಿಗೂ ಈ ಅನಿಲವನ್ನು ಮರಳಿ ಎಂಜಿನ್ನಿಗೇ ಉಣಿಸಿ ಸುಡುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ಇಂದು ಎಲ್ಲರ ಬಾಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲಿನ ಕಾರುಗಳಿಗೆ ಬಂದುದು 1975ರ ಮಾದರಿಗಳಲ್ಲಿ. ಚೆನ್ನೈ ಸೇರಿದಂತೆ ನಮ್ಮ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಬಂದುದು 1995ರಲ್ಲಿ. ಕಾರಿನ ಮಾಲಿನ್ಯವನ್ನು ತಡೆಯಲು ಹೂಡಿದ ಉಪಾಯಗಳಲ್ಲಿ ಈ ಪುಟ್ಟ ಕವಾಟವೇ ಹಿರಿಯದು. ನಮ್ಮ ದೇಶದ ಭಾರತ್ ಸ್ಟೇಜ್ ಮಾನಕಗಳ ಪರೀಕ್ಷೆಗಳಲ್ಲಿಯೂ ಕ್ರ್ಯಾಂಕ್‌ಕೇಸಿನ ಅನಿಲವು ವಾತಾವರಣಕ್ಕೆ ಸೇರಕೂಡದೆಂಬ ನಿಬಂಧನೆ ಇದೆ.

ಆದರೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ನಿಯತಕಾಲಿಕವಾಗಿ ಪಡೆಯುವ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರದ ಪರೀಕ್ಷೆಯು ಹೊಗೆಕೊಳವೆಯ ಬಾಯಿಗೆ ಇಟ್ಟ ನಳಿಗೆಯಿಂದ ನಡೆಯುತ್ತದೆ. ಕ್ರ್ಯಾಂಕ್‌ಕೇಸಿನ ಕೊಳವೆ ಕಳಚಿ ಬಯಲಿಗೆ ತೆರೆದುಕೊಂಡಿದ್ದರೆ ಅಲ್ಲಿಂದ ಹೊರಬೀಳುವ ಅನಿಲವನ್ನು ಆ ಯಂತ್ರ ಅಳೆಯುವುದಿಲ್ಲ. ಎಣ್ಣೆ ಒಸರುವುದನ್ನು ತಪ್ಪಿಸಲೆಂದು ಈ ಕೊಳವೆಯನ್ನು ಬಿಚ್ಚಿ ಕೆಳಕ್ಕೆ ಇಳಿಬಿಡುವ, ಇಲ್ಲವೇ ಅದರ ಬಾಯಿಗೆ ಬಾಟಲಿಯನ್ನು ಕಟ್ಟುವ ರೂಢಿಯುಂಟು. ಇಂಥ ಕಾರು ಕೈಯಲ್ಲಿ ಪ್ರಮಾಣಪತ್ರ ಹಿಡಿದೇ 1950ರ ದಶಕದ ಕಾರಿನಂತೆ ವಿಷವಾಯುವನ್ನು ಬೀದಿಗೆ ಚೆಲ್ಲುತ್ತದೆ. ಅದನ್ನು ಉಸಿರಾಡುವವರಲ್ಲಿ ಮೊದಲಿಗರು ಕಾರಿನ ಪಕ್ಕದಲ್ಲಿ ಆಡುವ ಮನೆಯ ಮಕ್ಕಳೇ.

ಈಗ ಕವಾಟದ ರಚನೆಯನ್ನು ನೋಡೋಣ. ಒಂದು ಚಿಕ್ಕ ಕೊಳವೆ, ಅದರೊಳಗೆ ಒಂದು ಮೊನಚಾದ ಆಡುಕಡ್ಡಿ, ಅದನ್ನು ಹಿಂದಕ್ಕೆ ಒತ್ತುವ ಸ್ಪ್ರಿಂಗು, ಇಷ್ಟೇ. ಇದರ ಒಂದು ತುದಿ ಎಂಜಿನ್ನಿನ ಮೇಲ್ಭಾಗದ ಟ್ಯಾಪೆಟ್ ಕವರಿಗೂ ಇನ್ನೊಂದು ತುದಿ ರಬ್ಬರ್ ಹೋಸಿನ ಮೂಲಕ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೂ ಸೇರಿರುತ್ತದೆ. ಎಂಜಿನ್ ಓಡುವಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತದ ಸೆಳೆತ ಉಂಟಾಗುತ್ತದೆ. ಕಾರು ನಿಂತಲ್ಲಿಯೇ ಎಂಜಿನ್ ನಿಧಾನವಾಗಿ ಓಡುವಾಗ ಸೆಳೆತ ಪ್ರಬಲ, ಒಳಕ್ಕೆ ನುಸುಳುವ ಅನಿಲ ಅಲ್ಪ. ಆಗ ಆಡುಕಡ್ಡಿ ಮುಂದಕ್ಕೆ ಸೆಳೆಯಲ್ಪಟ್ಟು ದಾರಿಯನ್ನು ಕಿರಿದಾಗಿಸುತ್ತದೆ. ವೇಗ ಹೆಚ್ಚಿಸಿದಾಗ ಸೆಳೆತ ತಗ್ಗುತ್ತದೆ, ಅನಿಲ ಹೆಚ್ಚುತ್ತದೆ. ಸ್ಪ್ರಿಂಗು ಕಡ್ಡಿಯನ್ನು ಹಿಂದಕ್ಕೆ ಒತ್ತಿ ದಾರಿಯನ್ನು ಅಗಲಿಸುತ್ತದೆ. ಎಂಜಿನ್ ನಿಂತಾಗ ಅಥವಾ ಮ್ಯಾನಿಫೋಲ್ಡಿನಲ್ಲಿ ಬೆಂಕಿ ಹಿಮ್ಮುಖವಾಗಿ ಸಿಡಿದಾಗ ದಾರಿ ಪೂರ್ತಿ ಮುಚ್ಚಿ, ಜ್ವಾಲೆ ಎಣ್ಣೆಯ ಕೋಶಕ್ಕೆ ಇಳಿಯದಂತೆ ತಡೆಯುತ್ತದೆ. ಹೊರಹೋದ ಅನಿಲದ ಜಾಗಕ್ಕೆ ಏರ್ ಫಿಲ್ಟರಿನ ಕಡೆಯಿಂದ ಇನ್ನೊಂದು ಹೋಸಿನ ಮೂಲಕ ಶುದ್ಧ ಗಾಳಿ ಬರುತ್ತದೆ. ಆ ಎರಡನೆಯ ಹೋಸು ಬಿರುಕು ಬಿಟ್ಟಿದ್ದರೆ ಜಿ.ಎನ್.ಟಿ. ರಸ್ತೆಯ ಲಾರಿಗಳು ಎಬ್ಬಿಸಿದ ಧೂಳು ಫಿಲ್ಟರಿನ ಹಂಗಿಲ್ಲದೆ ನೇರವಾಗಿ ಎಂಜಿನ್ ಎಣ್ಣೆಯನ್ನು ಸೇರುತ್ತದೆ.

ಕವಾಟವು ಎರಡು ರೀತಿಯಲ್ಲಿ ಕೆಡುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಕಚ್ಚಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಗ್ಯಾಸ್ಕೆಟ್ಟುಗಳ ಅಂಚಿನಲ್ಲಿ ಎಣ್ಣೆ ಜಿನುಗುತ್ತದೆ. ಏರ್ ಫಿಲ್ಟರಿನಲ್ಲಿ ಎಣ್ಣೆಯ ಕಲೆ ಕಾಣುತ್ತದೆ. ಎಣ್ಣೆ ಹಾಕುವ ಮುಚ್ಚಳದ ಅಡಿಯಲ್ಲಿ ಹಾಲು ಬೆರೆತ ಕಾಫಿಯ ಬಣ್ಣದ ಕೆನೆ ಕಟ್ಟಬಹುದು. ತೆರೆದ ಸ್ಥಿತಿಯಲ್ಲಿಯೇ ಉಳಿದರೆ ನಿಂತ ಕಾರಿನ ಎಂಜಿನ್ ಏರುಪೇರಾಗಿ ಓಡುತ್ತದೆ, ಕೆಲವೊಮ್ಮೆ ಸಿಳ್ಳೆಯಂಥ ಸದ್ದು ಬರುತ್ತದೆ, ಎಣ್ಣೆ ಅನಿಲದೊಡನೆ ಸೆಳೆಯಲ್ಪಟ್ಟು ಸುಟ್ಟುಹೋಗುತ್ತದೆ. ಶೀತ ದೇಶಗಳಲ್ಲಿ ಈ ಹೋಸಿನೊಳಗೆ ನೀರು ಹೆಪ್ಪುಗಟ್ಟಿ ಎಂಜಿನ್ ಹಾಳಾಗುವುದುಂಟು. ಚೆನ್ನೈಗೆ ಆ ಭಯವಿಲ್ಲ. ಇಲ್ಲಿನ ತೊಂದರೆ ಬೇರೆ. ಮನೆಯಿಂದ ಮಾರುಕಟ್ಟೆಗೆ, ಶಾಲೆಗೆ ಎಂದು ಎರಡು ಮೂರು ಕಿಲೋಮೀಟರು ಓಡಿ ನಿಲ್ಲುವ ಕಾರಿನಲ್ಲಿ ಎಣ್ಣೆಯು ತೇವವನ್ನು ಆವಿಯಾಗಿಸುವಷ್ಟು ಕಾಯುವುದೇ ಇಲ್ಲ. ವಾರಕ್ಕೊಮ್ಮೆ ಮಾತ್ರ ಹೊರತೆಗೆಯುವ ಕಾರಿಗೆ ದಿನವೂ ದೂರ ಓಡುವ ಟ್ಯಾಕ್ಸಿಗಿಂತ ಕೆಸರಿನ ಕಾಟ ಹೆಚ್ಚು ಎಂಬುದು ಅನೇಕರಿಗೆ ಅಚ್ಚರಿಯಾಗಿ ತೋರಬಹುದು.

ಬದಲಿಸುವ ಕ್ರಮಕ್ಕೆ ಹ್ಯುಂಡೈ ಸ್ಯಾಂಟ್ರೊ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಚೆನ್ನೈಗೆ ಸಮೀಪದ ಇರುಂಗಾಟ್ಟುಕೋಟ್ಟೈ ಕಾರ್ಖಾನೆಯಲ್ಲಿ ತಯಾರಾಗಿ 1998ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರು ದಕ್ಷಿಣ ಭಾರತದ ಮಧ್ಯಮ ವರ್ಗದ ಮನೆಗಳಿಗೆ ಚಿರಪರಿಚಿತ. ಹ್ಯುಂಡೈಯ ಆ ಪೀಳಿಗೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಕವಾಟವನ್ನು ಟ್ಯಾಪೆಟ್ ಕವರಿಗೆ ತಿರುಪಿನಿಂದ ಬಿಗಿಯಲಾಗಿರುತ್ತದೆ. ಬೇರೆ ಅನೇಕ ಕಾರುಗಳಲ್ಲಿ ತಿರುಪಿನ ಬದಲು ರಬ್ಬರಿನ ಬಳೆಯೊಳಗೆ ಅದನ್ನು ತುರುಕಿರಲಾಗುತ್ತದೆ. ತಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂಬುದನ್ನು ವಾಹನದ ಕೈಪಿಡಿಯಿಂದ ಮೊದಲು ಖಚಿತಪಡಿಸಿಕೊಳ್ಳಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಕವಾಟವು ಎಂಜಿನ್ ಮುಚ್ಚಳದ ಅಂಗವಾಗಿಯೇ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಕಳಚಲಾಗದು. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಇಂಥ ನಿರ್ವಾತವಿರದ ಕಾರಣ ಅಲ್ಲಿನ ಏರ್ಪಾಡೇ ಬೇರೆ. ಟರ್ಬೊ ಜೋಡಿಸಿದ ಎಂಜಿನ್ನುಗಳಲ್ಲಿಯೂ ಕೊಳವೆಗಳ ಜೋಡಣೆ ಜಟಿಲ. ಇವುಗಳನ್ನೂ, ವಾರಂಟಿ ಅವಧಿ ಮುಗಿಯದ ಕಾರುಗಳನ್ನೂ ಕಾರ್ಯಾಗಾರಕ್ಕೆ ಒಪ್ಪಿಸುವುದೇ ವಿವೇಕ.

ಬಿಡಿಭಾಗವನ್ನು ಕೊಳ್ಳುವಾಗ ಕಾರಿನ ಮಾದರಿ, ತಯಾರಿಕೆಯ ವರ್ಷ ಮತ್ತು ಎಂಜಿನ್ನಿನ ವಿವರಗಳನ್ನು ತಿಳಿಸಿ, ಭಾಗದ ಸಂಖ್ಯೆಯನ್ನು ಹೋಲಿಸಿ ನೋಡಬೇಕು. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಕವಾಟಗಳಲ್ಲಿ ಸ್ಪ್ರಿಂಗಿನ ಬಲವೂ ರಂಧ್ರದ ಅಳತೆಯೂ ಬೇರೆ ಬೇರೆಯಾಗಿರುತ್ತವೆ. ಚೆನ್ನೈಯ ಪುದುಪೇಟ್ಟೈ ಮಾರುಕಟ್ಟೆಯಲ್ಲಿ ಹಳೆಯ ಕಾರುಗಳ ಯಾವ ಭಾಗವನ್ನು ಬೇಕಾದರೂ ಹುಡುಕಿ ತೆಗೆಯಬಹುದೆಂಬ ಮಾತಿದೆ. ಬಾಗಿಲು, ಬಂಪರು, ಕನ್ನಡಿಗಳಿಗೆ ಅದು ಸಲ್ಲುತ್ತದೆ. ಸವೆದ ಸ್ಪ್ರಿಂಗು ಒಳಗೇ ಅಡಗಿರುವ ಇಂಥ ಭಾಗವನ್ನು ಹಳೆಯದಾಗಿ ಕೊಳ್ಳುವುದರಿಂದ ಉಳಿತಾಯವೇನೂ ಇಲ್ಲ. ಹೊಸದನ್ನು ರಸೀದಿ ಸಹಿತ ಕೊಂಡರೆ ನಕಲಿ ಸರಕೆಂದು ತಿಳಿದಾಗ ಗ್ರಾಹಕ ಆಯೋಗದ ಮುಂದೆ ದೂರು ಕೊಡಲು ಆಧಾರವಿರುತ್ತದೆ. ಹೋಸು ಗಡುಸಾಗಿದ್ದರೆ, ಬಾಗಿಸಿದಾಗ ಬಿರುಕು ತೋರಿದರೆ, ಅದನ್ನೂ ಜೊತೆಯಲ್ಲಿಯೇ ಕೊಳ್ಳಬೇಕು. ತೋಟಕ್ಕೆ ನೀರು ಬಿಡುವ ಪೈಪಿನ ತುಂಡು ಎಣ್ಣೆಗೂ ಬಿಸಿಗೂ ತಾಳದೆ ಮೆತ್ತಗಾಗಿ, ನಿರ್ವಾತದ ಸೆಳೆತಕ್ಕೆ ಚಪ್ಪಟೆಯಾಗುತ್ತದೆ.

ಕೆಲಸವನ್ನು ಬಯಲಿನಲ್ಲಿ, ಸಮತಟ್ಟಾದ ನೆಲದ ಮೇಲೆ ಮಾಡಬೇಕು. ಕೈಬ್ರೇಕ್ ಹಾಕಿ, ಗೇರನ್ನು ತಟಸ್ಥ ಸ್ಥಿತಿಗೆ ತಂದು, ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಕೂಡದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ತರಬಲ್ಲದು. ಸೀರೆಯ ಸೆರಗು, ಪಂಚೆ, ಸಡಿಲವಾದ ತೋಳು ಫ್ಯಾನ್ ಬೆಲ್ಟಿಗೆ ಸಿಲುಕದಂತೆ ಎಚ್ಚರವಿರಬೇಕು.

ಮೊದಲು ಕವಾಟದ ಸುತ್ತಲಿನ ಧೂಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಹಾಗೆ ಮಾಡದಿದ್ದರೆ ಕವಾಟವನ್ನು ತೆಗೆದೊಡನೆ ಆ ಧೂಳು ಎಂಜಿನ್ನಿನೊಳಕ್ಕೆ ಬೀಳುತ್ತದೆ. ಇಕ್ಕಳದಿಂದ ಹೋಸಿನ ಕ್ಲಿಪ್ಪನ್ನು ಹಿಸುಕಿ ಹಿಂದಕ್ಕೆ ಸರಿಸಿ, ಹೋಸನ್ನು ಅತ್ತಿತ್ತ ತಿರುಗಿಸುತ್ತ ಮೆಲ್ಲಗೆ ಎಳೆಯಬೇಕು. ಬಲವಂತ ಮಾಡಿದರೆ ಪ್ಲಾಸ್ಟಿಕ್ಕಿನ ಮೂತಿ ಮುರಿಯುತ್ತದೆ. ಬಳಿಕ ಸರಿಯಾದ ಅಳತೆಯ ಸ್ಪ್ಯಾನರಿನಿಂದ ಕವಾಟವನ್ನು ಬಿಚ್ಚಿ, ತೆರೆದ ರಂಧ್ರವನ್ನು ನೂಲೆಳೆ ಬಿಡದ ಸ್ವಚ್ಛವಾದ ಬಟ್ಟೆಯಿಂದ ಮುಚ್ಚಬೇಕು. ಕಳಚಿದ ಕವಾಟದ ತಿರುಪಿನ ತುದಿಯಿಂದ ತೆಳುವಾದ ಕಡ್ಡಿಯನ್ನು ತೂರಿಸಿ ನೂಕಿದರೆ ಒಳಗಿನ ಆಡುಕಡ್ಡಿ ಸರಿದು ಮರಳಬೇಕು. ಅಲುಗದಿದ್ದರೆ ಅದು ಕಟ್ಟಿಕೊಂಡಿದೆ ಎಂದೇ ಅರ್ಥ. ಅಲುಗಾಡಿಸಿದಾಗ ಟಕಟಕ ಸದ್ದು ಬಂದರೆ ಸಾಕೆಂದು ಹಲವರು ಹೇಳುತ್ತಾರೆ. ಸದ್ದು ಬರದಿದ್ದರೆ ಕೆಟ್ಟಿದೆ ಎಂಬುದು ನಿಜ. ಸದ್ದು ಬಂದ ಮಾತ್ರಕ್ಕೆ ಸ್ಪ್ರಿಂಗು ಸರಿಯಿದೆ ಎನ್ನಲಾಗದು. ಪೆಟ್ರೋಲಿನಲ್ಲಿ ತೊಳೆದು ಮರಳಿ ಹಾಕುವ ಪದ್ಧತಿಯನ್ನು ಮನೆಯಲ್ಲಿ ಅನುಸರಿಸುವುದು ಬೇಡ. ಬೆಂಕಿಯ ಅಪಾಯದ ಮುಂದೆ ಕೆಲವು ನೂರು ರೂಪಾಯಿಗಳ ಉಳಿತಾಯ ಏನೇನೂ ಅಲ್ಲ.

ಹೊಸ ಕವಾಟವನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ತಿರುಪು ಓರೆಯಾಗಿ ಕಚ್ಚಿದರೆ ಮುಂದೆ ಇಡೀ ಟ್ಯಾಪೆಟ್ ಕವರನ್ನೇ ಬದಲಿಸಬೇಕಾದೀತು. ಹ್ಯುಂಡೈ ಎಂಜಿನ್ನುಗಳಿಗೆ ಸೂಚಿಸಿರುವ ಬಿಗಿತ 0.8ರಿಂದ 1.2 ಕಿಲೋಗ್ರಾಂ-ಮೀಟರು. ಬಿಗಿತ ಅಳೆಯುವ ಸ್ಪ್ಯಾನರು ಮನೆಯಲ್ಲಿ ಇರುವುದು ಅಪರೂಪ. 20 ಸೆಂಟಿಮೀಟರ್ ಉದ್ದದ ಸಾಮಾನ್ಯ ಸ್ಪ್ಯಾನರಿನ ತುದಿಯನ್ನು ಐದು ಕಿಲೋ ಅಕ್ಕಿಯ ಚೀಲವನ್ನು ಎತ್ತುವಷ್ಟು ಬಲದಿಂದ ಎಳೆದರೆ ಸರಿಸುಮಾರು ಅಷ್ಟೇ ಆಗುತ್ತದೆ. ಅದಕ್ಕಿಂತ ಹೆಚ್ಚು ಬಿಗಿಯುವುದು ಬೇಡ. ರಬ್ಬರ್ ಬಳೆಯ ಮಾದರಿಯಲ್ಲಿ ಬಳೆ ಗಡುಸಾಗಿದ್ದರೆ ಅದನ್ನೂ ಬದಲಿಸಿ, ಕವಾಟವನ್ನು ಕೈಯಿಂದಲೇ ಒತ್ತಿ ಕೂರಿಸಬೇಕು. ಅನಂತರ ಹೋಸನ್ನು ಮೊದಲಿನಷ್ಟೇ ಆಳಕ್ಕೆ ಏರಿಸಿ ಕ್ಲಿಪ್ಪನ್ನು ಅದರ ಹಳೆಯ ಗುರುತಿಗೆ ತರಬೇಕು. ಅಭ್ಯಾಸವಿಲ್ಲದವರಿಗೂ ಇದೆಲ್ಲ ಅರ್ಧ ಗಂಟೆಯ ಕೆಲಸ.

ಎಂಜಿನ್ನನ್ನು ಚಾಲನೆ ಮಾಡಿ ಕೆಲವು ನಿಮಿಷ ನಿಧಾನವಾಗಿ ಓಡಲು ಬಿಟ್ಟು, ಹೋಸನ್ನು ಇಕ್ಕಳದಿಂದ ಮೆತ್ತಗೆ ಒಂದು ಕ್ಷಣ ಹಿಸುಕಿ ಬಿಟ್ಟರೆ ಕವಾಟದಿಂದ ಟಕ್ಕೆಂಬ ಸಣ್ಣ ಸದ್ದು ಕೇಳಿಸಬೇಕು. ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ. ಎಣ್ಣೆ ಹಾಕುವ ಮುಚ್ಚಳವನ್ನು ತೆಗೆದು, ಆ ಬಾಯಿಯ ಮೇಲೆ ಅಂಚೆ ಕಾರ್ಡಿನಂಥ ಕಾಗದವನ್ನು ಇಡಬೇಕು. ವಾತಾಯನ ಸರಿಯಿದ್ದರೆ ಕಾಗದವು ಸ್ವಲ್ಪ ಹೊತ್ತಿನಲ್ಲಿ ಮೆಲ್ಲಗೆ ಒಳಕ್ಕೆ ಸೆಳೆಯಲ್ಪಟ್ಟು ಅಂಟಿ ನಿಲ್ಲುತ್ತದೆ. ಹೊಸ ಕವಾಟ, ಸರಿಯಾದ ಹೋಸು ಇದ್ದೂ ಕಾಗದ ಹಾರಿಹೋಗುವಂತೆ ಬುಸುಬುಸು ಹೊಗೆ ಬಂದರೆ ಮಾತ್ರ ರಿಂಗುಗಳು ಸವೆದಿವೆ ಎಂಬ ಸಂಶಯಕ್ಕೆ ಆಧಾರವುಂಟು. ಆಗ ಸಿಲಿಂಡರುಗಳ ಒತ್ತಡವನ್ನು ಅಳೆಯುವ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶವನ್ನು ಅಂಕಿಗಳಲ್ಲಿ ಬರೆಸಿಕೊಂಡು ಮುಂದಿನ ತೀರ್ಮಾನ ಕೈಗೊಳ್ಳಬೇಕು. ಅಂಕಿಗಳನ್ನು ತೋರಿಸದೆ ಎಂಜಿನ್ ಬಿಚ್ಚಲು ಅವಸರಪಡಿಸುವವರ ಮಾತಿಗೆ ಒಪ್ಪುವ ಅಗತ್ಯವಿಲ್ಲ.

ನೆರೆಯಲ್ಲಿ ಮುಳುಗಿದ ಕಾರಿನ ಸಂಗತಿ ಬೇರೆ. 2015ರ ಡಿಸೆಂಬರ್‌ನಲ್ಲಿಯೂ 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲಿಯೂ ಚೆನ್ನೈಯ ಅಸಂಖ್ಯ ವಾಹನಗಳು ನೀರಿನಲ್ಲಿ ನಿಂತವು. ಎರಡನೆಯ ಮಹಾಯುದ್ಧದಲ್ಲಿ ಹೊಳೆ ದಾಟುವ ಸೇನಾ ವಾಹನಗಳ ಎಂಜಿನ್ನಿಗೆ ನೀರು ನುಗ್ಗದಿರಲೆಂದು ಮುಚ್ಚಿದ ವಾತಾಯನವನ್ನು ಬಳಸಿದ್ದುಂಟು. ಮನೆಬಳಕೆಯ ಕಾರಿಗೆ ಅಂಥ ರಕ್ಷಣೆ ಇಲ್ಲ. ನೀರು ಏರ್ ಫಿಲ್ಟರಿನ ಮಟ್ಟಕ್ಕೆ ಏರಿದ್ದರೆ ವಾತಾಯನದ ಹೋಸಿನಿಂದಲೇ ಅದು ಒಳಗಿಳಿದಿರಬಹುದು. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಹೆಚ್ಚಾಗಿ ಬಣ್ಣ ಹಾಲಿನಂತಾಗಿದ್ದರೆ ಕೀಲಿಯನ್ನು ತಿರುಗಿಸಲೇಬಾರದು. ಕವಾಟದ ಬದಲಾವಣೆಯಿಂದ ಅದು ಸರಿಹೋಗುವುದಿಲ್ಲ. ಎಳೆದೊಯ್ಯಿಸಿ, ಎಣ್ಣೆಯನ್ನೂ ಫಿಲ್ಟರನ್ನೂ ಮೊದಲು ಬದಲಿಸಬೇಕು.

ಕಟ್ಟಿಕೊಂಡ ಕವಾಟದೊಡನೆ ಬಹುಕಾಲ ಓಡಿದ ಎಂಜಿನ್ನಿನ ಎಣ್ಣೆಯನ್ನು, ಅವಧಿ ಮುಗಿಯದಿದ್ದರೂ, ಹೊಸ ಕವಾಟ ಹಾಕಿದ ಬೆನ್ನಲ್ಲಿಯೇ ಬದಲಿಸುವುದು ಉಚಿತ. ತೆಗೆದ ಹಳೆಯ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಮಳೆನೀರಿನ ಚರಂಡಿಗೆ ಸುರಿದರೆ ಮಾಧವರಂನ ಸುತ್ತಲಿನ ಕೆರೆಗಳಿಗೇ ಹೋಗಿ ಸೇರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಬಳಸಿದ ಎಣ್ಣೆಯನ್ನು ಅಧಿಕೃತ ಮರುಬಳಕೆದಾರರಿಗೆ ಕಳುಹಿಸುವ ಸರ್ವಿಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಕವಾಟ ಬದಲಿಸಿದ ದಿನಾಂಕವನ್ನೂ ಆಗ ಕಾರು ಓಡಿದ್ದ ಕಿಲೋಮೀಟರುಗಳನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟು, ಹಳೆಯ ಕವಾಟವನ್ನು ಒಂದೆರಡು ವಾರ ಎಸೆಯದೆ ಇಟ್ಟುಕೊಂಡರೆ ಭಾಗದ ಸಂಖ್ಯೆಯನ್ನು ಮತ್ತೊಮ್ಮೆ ಹೋಲಿಸಿ ನೋಡಲು ಅನುಕೂಲವಾಗುತ್ತದೆ.